ನಮ್ಮ ಕಂಪ್ಯೂಟರನ್ನು ನೋಡಿಕೊಳ್ಳುವವರು



ಚಿಕ್ಕೋಡಿಯ ಕೋರ್ಟಿನ ಅಂಗಳದಲ್ಲಿ ನಿಂತು ‘ಇವತ್ತು ನಮ್ಮ ಕೇಸು ಎಷ್ಟನೇ ನಂಬರಿಗೈತ್ರಿ’ ಎಂದು ವಕೀಲರನ್ನು ಕೇಳುವ ರೈತನಿಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶದ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಆ ಉತ್ತರದ ಹಿಂದೆ ಲಿನಕ್ಸ್ ಇದೆ. ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳ ಗಣಕೀಕರಣಕ್ಕೆ ಸುಪ್ರೀಂ ಕೋರ್ಟಿನ ಇ-ಸಮಿತಿ ಯಾರು ಬೇಕಾದರೂ ಓದಿ, ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿತು. ನ್ಯಾಯಾಧೀಶರ ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಬಂತು. 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನದ ಮೇಷ್ಟ್ರುಗಳೂ ಉಬುಂಟುವನ್ನೇ ಬಳಸಿ ಕಲಿತರು. ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಲಿನಕ್ಸಿನ ತಿರುಳು, ಅಂದರೆ ಕರ್ನೆಲ್ಲೇ.

ಈ ಉಬುಂಟು ತಾನಾಗಿ ಹುಟ್ಟಿದ್ದಲ್ಲ. 2004ರಲ್ಲಿ ಅದು ಬಂದದ್ದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ವಿತರಣೆಯ ಮೇಲೆ ನಿಂತು. ನಮ್ಮ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಭಾಷೆಗಳಿಗಾಗಿ ತಯಾರಿಸಿದ ‘ಬಾಸ್’ ಲಿನಕ್ಸಿಗೂ ಡೆಬಿಯನ್ನೇ ಬುನಾದಿ. ಈ ಡೆಬಿಯನ್ನಿಗೆ ಮಾಲೀಕರಿಲ್ಲ, ಷೇರುದಾರರಿಲ್ಲ. ಅದನ್ನು ನಡೆಸುವವರು ಸ್ವಯಂಸೇವಕರು. ಅವರು ಏನು ಕೆಲಸ ಮಾಡುತ್ತಾರೆ, ಆ ಕೆಲಸದಲ್ಲಿ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗ ಹುಡುಗಿಯರಿಗೆ ಜಾಗ ಎಲ್ಲಿದೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಡೆಬಿಯನ್ನನ್ನು 1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಘೋಷಿಸಿದ. ಫಿನ್‌ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ತನ್ನ ಲಿನಕ್ಸ್ ತಿರುಳನ್ನು ಬಿಡುಗಡೆ ಮಾಡಿ ಆಗ ಎರಡೇ ವರ್ಷವಾಗಿತ್ತು. ಬರೀ ತಿರುಳಿನಿಂದ ಜನರಿಗೆ ಉಪಯೋಗವಿಲ್ಲ. ಅದರ ಜೊತೆಗೆ ಫೈಲು ತೆರೆಯುವುದು, ಪತ್ರ ಬರೆಯುವುದು, ಮುದ್ರಿಸುವುದು, ಅಕ್ಷರ ತೋರಿಸುವುದು, ಹೀಗೆ ಸಾವಿರಾರು ತಂತ್ರಾಂಶ ಬೇಕು. ಒಂದೊಂದನ್ನೂ ಲೋಕದ ಒಂದೊಂದು ಮೂಲೆಯಲ್ಲಿ ಯಾರೋ ಬರೆದಿರುತ್ತಾರೆ. ಅವನ್ನೆಲ್ಲ ತಂದು, ಪರಸ್ಪರ ಹೊಂದುವ ಹಾಗೆ ಕಟ್ಟಿ, ಒಂದೇ ಆಜ್ಞೆಗೆ ಯಂತ್ರದಲ್ಲಿ ಬಂದು ಕೂರುವಂತೆ ಮಾಡುವುದೇ ವಿತರಣೆಯ ಕೆಲಸ. ಹೀಗೆ ಕಟ್ಟಿದ ಒಂದೊಂದನ್ನೂ ಪ್ಯಾಕೇಜು ಅನ್ನುತ್ತಾರೆ. ಅದನ್ನು ನೋಡಿಕೊಳ್ಳುವವರು ಮೇಂಟೇನರ್. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ ಇಂಥ ಪ್ಯಾಕೇಜುಗಳು ಹತ್ತಿರ ಹತ್ತಿರ 70 ಸಾವಿರ. ಅಧಿಕೃತ ಡೆವಲಪರುಗಳ ಸಂಖ್ಯೆ ಸುಮಾರು ಒಂದು ಸಾವಿರ. ಅವರಲ್ಲಿ ಕೆಲವರಿಗೆ ಅವರ ಕಂಪನಿಗಳೇ ಈ ಕೆಲಸಕ್ಕೆ ಸಂಬಳ ಕೊಡುತ್ತವೆ, ನಿಜ. ಹೆಚ್ಚಿನವರು ಮಾತ್ರ ಹಗಲು ಬೇರೆ ನೌಕರಿ ಮಾಡಿ ರಾತ್ರಿ ಇದಕ್ಕೆ ಕೂರುವವರು.

ತಂತ್ರಾಂಶ ಬರೆಯುವವರಿಗೆ ಹೆಸರು ಬರುತ್ತದೆ. ನೋಡಿಕೊಳ್ಳುವವರಿಗೆ ಬರುವುದು ದೂರು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಎರಡನೆಯ ಕೆಲಸವೇ. ಮೂಲ ಲೇಖಕ ಹೊಸ ಆವೃತ್ತಿ ಹೊರತಂದರೆ ಮೇಂಟೇನರ್ ಅದನ್ನು ಮತ್ತೆ ಕಟ್ಟಬೇಕು. ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳು ಮುರಿದವೇ ಎಂದು ನೋಡಬೇಕು. ಪರವಾನಗಿಯ ಕಾಗದ ಸರಿಯಿದೆಯೇ ಎಂದು ಓದಬೇಕು. ಬದಲಾವಣೆಯ ದಾಖಲೆಯಲ್ಲಿ ಏನು ಬದಲಾಯಿತು, ಯಾವ ನಂಬರಿನ ದೂರು ಇದರಿಂದ ಬಗೆಹರಿಯಿತು ಎಂದು ತನ್ನ ಹೆಸರಿನಲ್ಲಿ ಬರೆಯಬೇಕು. ಹಾಗೆ ಕಳಿಸಿದ ಪ್ಯಾಕೇಜು ಮೊದಲು ‘ಅಸ್ಥಿರ’ ಎಂಬ ಕಣಜಕ್ಕೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಕಾಯಬೇಕು. ಆ ಅವಧಿಯಲ್ಲಿ ಯಾರೂ ಗಂಭೀರ ದೋಷ ವರದಿ ಮಾಡದಿದ್ದರೆ ‘ಪರೀಕ್ಷೆ’ಯ ಕಣಜಕ್ಕೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಕಣಜಕ್ಕೆ ಬೀಗ ಹಾಕುತ್ತಾರೆ. ಬಿಡುಗಡೆಗೆ ಅಡ್ಡಿಯಾಗುವ ದೋಷಗಳು, ಅಂದರೆ ಬಗ್‌ಗಳೆಲ್ಲ ತೀರುವವರೆಗೆ ಕೂತು ಕೆಲಸ ಮಾಡುತ್ತಾರೆ. ಆಮೇಲೆ ಅದು ‘ಸ್ಥಿರ’ ಆವೃತ್ತಿ. ಯಾವಾಗ ಬಿಡುಗಡೆ ಎಂದು ಕೇಳಿದರೆ ಡೆಬಿಯನ್ನಿನವರ ಹಳೆಯ ಉತ್ತರ: ತಯಾರಾದಾಗ.

ನಮ್ಮ ಕಡೆ ಮುಯ್ಯಾಳು ಪದ್ಧತಿ ಇದೆಯಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಇದೂ ಅದೇ ಲೆಕ್ಕ. ಅಥಣಿಯಲ್ಲಿ ಕೂತವನು ಜಪಾನಿನವನ ದುಡಿಮೆಯನ್ನು ಉಣ್ಣುತ್ತಾನೆ. ಜಪಾನ್ ಎಂದದ್ದು ಮಾತಿಗಲ್ಲ. ಲಿನಕ್ಸಿನಲ್ಲಿ ಕನ್ನಡ ಟೈಪು ಮಾಡಲು ಬಹಳ ಜನ ನೆಚ್ಚಿಕೊಂಡಿರುವ ‘ಎಂ17ಎನ್’ ಎಂಬ ತಂತ್ರಾಂಶ ಬಂದದ್ದು ಜಪಾನಿನ ಎಐಎಸ್‌ಟಿ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿಂದ. ಅದರೊಳಗಿನ ‘ಕೆಜಿಪಿ’ ಕೀಲಿಮಣೆಯ ಮೂಲ ವಿನ್ಯಾಸ ನಮ್ಮ ನಾಡೋಜ ಕೆ. ಪಿ. ರಾವ್ ಅವರದು.

ಇನ್ನು ಅಕ್ಷರದ ವಿಷಯಕ್ಕೆ ಬರುತ್ತೇನೆ. ಬಗ್ ಅಂದರೆ ಏನು ಎಂದು ಕನ್ನಡಿಗರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

‘ಚಿಕ್ಕೋಡಿ’ ಎಂದು ಬರೆಯುವಾಗ ಎರಡನೆಯ ಕಕಾರ ಮೊದಲನೆಯದರ ಕೆಳಗೆ ಒತ್ತಾಗಿ ಇಳಿಯಬೇಕು, ಓಕಾರದ ಕೊಂಬು ಮೇಲೇರಬೇಕು, ದೀರ್ಘ ಪಕ್ಕದಲ್ಲಿ ನಿಲ್ಲಬೇಕು. ಆದರೆ ಕಂಪ್ಯೂಟರಿನ ಒಳಗೆ ಇವೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಕೂತ ಸಂಖ್ಯೆಗಳು ಮಾತ್ರ. ಸಾಲನ್ನು ನೋಡಿ ಆಕಾರ ಕಟ್ಟಿಕೊಡುವ ಕೆಲಸ ಎರಡು ಕೈಗಳದು. ಒಂದು ಫಾಂಟು. ಇನ್ನೊಂದು ಅಕ್ಷರ ಜೋಡಿಸುವ ತಂತ್ರಾಂಶ. ಲಿನಕ್ಸಿನಲ್ಲಿ ಅದರ ಹೆಸರು ಹಾರ್ಫ್‌ಬಝ್. ಇಬ್ಬರಲ್ಲಿ ಒಬ್ಬರು ತಪ್ಪಿದರೂ ‘ಚಿಕ್‌ಕೋಡಿ’ ಆಗುತ್ತದೆ, ‘ನಿಪ್‌ಪಾಣಿ’ ಆಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ರಕಾರ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಹಿಂದೆ ಹೋಗಿ ನಿಲ್ಲುತ್ತದೆ. ‘ರ‍್ಯಾಂಕ್’ ಎಂದು ಬರೆದಾಗ ಹಾಗಾಗಬಾರದು. ರಕಾರ ಇಡಿಯಾಗಿ ಮುಂದೆ ನಿಂತು ಯಕಾರ ಒತ್ತಾಗಬೇಕು. ಕಂಪ್ಯೂಟರಿಗೆ ಎರಡೂ ರಕಾರ, ವಿರಾಮ, ಯಕಾರವೇ. ಭೇದ ತೋರಿಸಲು ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ನಡುವೆ ಹಾಕಬೇಕೆಂದು ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನ ನಿಯಮ. ಹಳೆಯ ಫಾಂಟುಗಳು, ಹಳೆಯ ತಂತ್ರಾಂಶಗಳು ಈ ನಿಯಮವನ್ನು ಒಂದೇ ಬಗೆಯಲ್ಲಿ ಪಾಲಿಸಲಿಲ್ಲ. ಒಂದು ಕಡೆ ಸರಿ ಕಂಡದ್ದು ಇನ್ನೊಂದು ಕಡೆ ಅರ್ಕಾವತ್ತಾಗಿ ಕಾಣುತ್ತಿತ್ತು.

ನಮ್ಮ ಗಡಿ ಭಾಗದವರಿಗೆ ಇದು ಒಂದಲ್ಲ, ಎರಡು ಲಿಪಿಯ ಗೋಳು. ಮರಾಠಿಯಲ್ಲೂ ರಕಾರ ಎರಡು ರೂಪದಲ್ಲಿ ಬರುತ್ತದೆ. ‘ಸೂರ್ಯ’ದಲ್ಲಿ ತಲೆಯ ಮೇಲೆ ಏರುವ ರೇಫ ಒಂದು. ‘ಶೇತಕರ‍್ಯಾಂಚಾ’ ಎಂದು ಬರೆಯುವಾಗ ಕಣ್ಣಿನ ರೆಪ್ಪೆಯ ಹಾಗೆ ಬಾಗಿ ಮುಂದೆ ನಿಲ್ಲುವ ಅರ್ಧ ರಕಾರ ಇನ್ನೊಂದು. ಹಿಂದಿ ಮಾತ್ರ ಬಲ್ಲವರಿಗೆ ಈ ಎರಡನೆಯದರ ಪರಿಚಯ ಇರುವುದಿಲ್ಲ. ಬೆಂಗಳೂರಿನ ಕನ್ನಡ ಬಲ್ಲವರಿಗೆ ಮರಾಠಿಯ ರಕಾರ ಕಾಣುವುದಿಲ್ಲ, ಪುಣೆಯವರಿಗೆ ಕನ್ನಡದ್ದು ಕಾಣುವುದಿಲ್ಲ. ಎರಡನ್ನೂ ಒಂದೇ ಕಾಗದದ ಮೇಲೆ ಓದಿ, ಇದು ತಪ್ಪು, ಇದು ಸರಿ ಎಂದು ಕಣ್ಣಂದಾಜಿನಲ್ಲೇ ಹೇಳಬಲ್ಲವರು ನಿಪ್ಪಾಣಿಯ ಪೇಟೆಯಲ್ಲಿ ಸಿಗುತ್ತಾರೆ, ಕಾಗವಾಡದಲ್ಲಿ ಸಿಗುತ್ತಾರೆ. ಇದನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ. ಲಿಪಿಯ ಬಗ್ ಹಿಡಿಯಲು ಬೇಕಾದ ಮೊದಲನೆಯ ವಿದ್ಯೆ ಅದೇ.

ಈ ಹಾದಿಯಲ್ಲಿ ಕನ್ನಡಿಗರು ಮೊದಲೇ ನಡೆದಿದ್ದಾರೆ. ‘ಕೇದಗೆ’ ಎಂಬ ಹಳೆಯ ಮುಕ್ತ ಫಾಂಟಿನ ತೊಡಕುಗಳನ್ನು ತಿದ್ದಿ ‘ಗುಬ್ಬಿ’ ಎಂಬ ಫಾಂಟನ್ನು ಮಾಡಿದರು. ಕೈಬರಹದ ರೀತಿಯ ‘ನವಿಲು’ ಬಂತು. ರೆಡ್‌ಹ್ಯಾಟ್ ಕಂಪನಿ ಬಿಡುಗಡೆ ಮಾಡಿದ ಲೋಹಿತ್ ಸರಣಿಯಲ್ಲಿ ಕನ್ನಡವೂ ದೇವನಾಗರಿಯೂ ಇವೆ. ಇವತ್ತು ಡೆಬಿಯನ್ನಿನಲ್ಲಿ ಕನ್ನಡ ಫಾಂಟಿನ ಒಂದೇ ಪ್ಯಾಕೇಜನ್ನು ಕೇಳಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಬಂದು ಕೂರುತ್ತವೆ. ಅವನ್ನು ಪ್ಯಾಕೇಜು ಮಾಡಿ, ವರ್ಷಗಟ್ಟಲೆ ಹೊಸ ಆವೃತ್ತಿಗೆ ಹೊಂದಿಸಿಕೊಂಡು ಬಂದವರಲ್ಲಿ ಕರ್ನಾಟಕದ ಯುವಕರಿದ್ದಾರೆ. ಡೆಬಿಯನ್ನಿನ ಇನ್‌ಸ್ಟಾಲರಿನ ಭಾಷಾಪಟ್ಟಿಯಲ್ಲಿ ಕನ್ನಡ ಇದೆ. ಗ್ರಾಫಿಕಲ್ ಇನ್‌ಸ್ಟಾಲರನ್ನು ಆರಿಸಿಕೊಂಡರೆ ಭಾಷೆ ಆರಿಸಿದ ಮುಂದಿನ ಪ್ರಶ್ನೆಯಿಂದಲೇ ಕಂಪ್ಯೂಟರ್ ನಿಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತದೆ. ಹಾರ್ಫ್‌ಬಝ್‌ನಲ್ಲಿ ಕನ್ನಡದ ಒಂದು ದೋಷ ಸರಿಹೋದರೆ ಅದರ ಫಲ ಲಿನಕ್ಸಿಗೆ ಮಾತ್ರವಲ್ಲ, ಫೈರ್‌ಫಾಕ್ಸಿಗೆ, ಕ್ರೋಮಿಗೆ, ಆಂಡ್ರಾಯ್ಡ್ ಫೋನಿಗೂ ಸಲ್ಲುತ್ತದೆ. ಲಿನಕ್ಸ್ ಮುಟ್ಟದವರೂ ಅದರ ಫಲಾನುಭವಿಗಳೇ.

ಬಾನುಲಿಯಲ್ಲಿ ಮಾತಾಡುತ್ತಿರುವಾಗ ಇನ್ನೊಂದನ್ನು ಬಿಡಲಾರೆ. ಕಣ್ಣು ಕಾಣದವರು ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. ಲಿನಕ್ಸಿನ ಆರ್ಕಾ, ವಿಂಡೋಸಿನ ಎನ್‌ವಿಡಿಎ ಎಂಬ ಪರದೆ ಓದುಗ ತಂತ್ರಾಂಶಗಳ ಜೊತೆ ಬಳಕೆಯಲ್ಲಿರುವ ಒಂದು ಮುಕ್ತ ದನಿ ಇ-ಸ್ಪೀಕ್ ಎನ್‌ಜಿ. ಅದಕ್ಕೆ ಕನ್ನಡ ಬರುತ್ತದೆ. ಯಾವ ಅಕ್ಷರವನ್ನು ಯಾವ ಸಂದರ್ಭದಲ್ಲಿ ಹೇಗೆ ಉಚ್ಚರಿಸಬೇಕು ಎಂಬ ನಿಯಮಗಳೆಲ್ಲ ಕನ್ನಡಕ್ಕೆಂದೇ ಇರುವ ಸಾದಾ ಪಠ್ಯ ಕಡತಗಳಲ್ಲಿವೆ. ಒಂದು ಉಚ್ಚಾರ ಕಿವಿಗೆ ಒರಟಾಗಿ ಕೇಳಿದರೆ ಅದನ್ನು ಗುರುತಿಸಲು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬರಬೇಕಾಗಿಲ್ಲ, ಕನ್ನಡ ಬಂದರೆ ಸಾಕು. ರಾಯಬಾಗದ ಕನ್ನಡ ಶಾಲೆಯ ಮೇಷ್ಟ್ರು ಮಾಡಬಹುದಾದ ಕೆಲಸ ಇದು.

ಹೀಗೆ ಹೇಳಿದರೆ ಎಲ್ಲವೂ ಸುಗಮ ಎಂದು ತೋರಬಹುದು. ಹಾಗಿಲ್ಲ. ಈ ವ್ಯವಸ್ಥೆ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆ ಎಂಬುದು 2024ರ ಮಾರ್ಚ್ ತಿಂಗಳಲ್ಲಿ ಲೋಕಕ್ಕೆ ಗೊತ್ತಾಯಿತು.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವಿದೆ. ಹೆಚ್ಚುಕಡಿಮೆ ಎಲ್ಲ ಲಿನಕ್ಸಿನಲ್ಲೂ ಇರುತ್ತದೆ. ಅದನ್ನು ಬಹಳ ವರ್ಷ ಒಬ್ಬರೇ ನೋಡಿಕೊಳ್ಳುತ್ತಿದ್ದರು, ಫಿನ್‌ಲೆಂಡಿನ ಲಾಸ್ಸೆ ಕೊಲಿನ್. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು 2022ರಲ್ಲಿ ಅವರೇ ಬರೆದಿದ್ದರು. ಕೆಲಸ ನಿಧಾನವಾಗುತ್ತಿದೆ ಎಂದು ಅವರ ಮೇಲೆ ಒತ್ತಡ ತಂದವರು ಹಲವರು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಸಹಾಯಕ್ಕೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. ಬಿಡುಗಡೆಯ ಅಧಿಕಾರ ಕೈಗೆ ಬಂದ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ದೂರದಿಂದ ಸರ್ವರಿಗೆ ಲಾಗಿನ್ ಆಗುವ ವ್ಯವಸ್ಥೆಯನ್ನೇ ಅದು ಒಡೆಯುವಂಥದ್ದು.

ಅದು ಸಿಕ್ಕಿದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಪೋಸ್ಟ್‌ಗ್ರೆಸ್ ದತ್ತಸಂಚಯದ ವೇಗ ಅಳೆಯುತ್ತಿದ್ದರು. ಅವರ ಯಂತ್ರದಲ್ಲಿ ಇದ್ದದ್ದು ಡೆಬಿಯನ್ನಿನ ‘ಅಸ್ಥಿರ’ ಆವೃತ್ತಿ. ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಹಿಡಿಯುತ್ತಿದೆ ಎನ್ನಿಸಿತು. ಬೇರೆಯವರಾಗಿದ್ದರೆ ‘ಇರಲಿ ಬಿಡು’ ಅನ್ನುತ್ತಿದ್ದರು. ಇವರು ಬಿಡಲಿಲ್ಲ. ಎಳೆ ಹಿಡಿದು ಹೋಗಿ, ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗವಾಗಿ ಬರೆದರು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಆ ಕಳ್ಳಬಾಗಿಲು ಆಗ ಇನ್ನೂ ತಲುಪಿರಲಿಲ್ಲ. ಅಸ್ಥಿರದಿಂದ ಸ್ಥಿರಕ್ಕೆ ನಡೆಯುವ ಆ ನಿಧಾನದ ಹಾದಿ ಅಸಂಖ್ಯ ಸರ್ವರುಗಳನ್ನು ಉಳಿಸಿತು.

ಈ ಪ್ರಸಂಗದಿಂದ ‘ಸ್ವಯಂಸೇವಕರನ್ನು ನಂಬಬಾರದು’ ಎಂದು ಕೆಲವರು ತೀರ್ಮಾನಿಸಿದರು. ನಾನು ಒಪ್ಪುವುದಿಲ್ಲ. ಮೋಸ ನಡೆದದ್ದು ಒಬ್ಬ ಮನುಷ್ಯನ ಮೇಲೆ ಲೋಕವೆಲ್ಲ ಭಾರ ಹಾಕಿ, ಎರಡನೆಯ ಕೈ ಕೊಡದೆ ಇದ್ದುದರಿಂದ. ಅದು ಬಯಲಾದದ್ದು ಒಳಗಿನ ಬರಹ ಎಲ್ಲರಿಗೂ ತೆರೆದಿದ್ದುದರಿಂದ.

ಡೆಬಿಯನ್ನಿನವರೇ ತಪ್ಪಿದ ಪ್ರಸಂಗವೂ ಇದೆ, ಅದನ್ನೂ ಹೇಳಬೇಕು. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಪ್ಯಾಕೇಜಿನಲ್ಲಿ ಅನವಶ್ಯಕ ಎನ್ನಿಸಿದ ಒಂದೆರಡು ಸಾಲುಗಳನ್ನು ತೆಗೆದದ್ದರಿಂದ, ಅದು ಹುಟ್ಟಿಸುವ ರಹಸ್ಯ ಕೀಲಿಗಳು ಊಹಿಸಬಹುದಾದವಾಗಿಬಿಟ್ಟವು. ಒಂದೊಂದು ಬಗೆಗೆ 32 ಸಾವಿರ ಚಿಲ್ಲರೆ ಕೀಲಿಗಳಷ್ಟೇ ಸಾಧ್ಯ. ಸುಮಾರು ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2008ರ ಮೇ 13ರಂದು ಡೆಬಿಯನ್ ತಾನೇ ಅದನ್ನು ಪ್ರಕಟಿಸಿ, ಎಲ್ಲರೂ ಕೀಲಿ ಬದಲಿಸಿ ಎಂದಿತು. ತಪ್ಪನ್ನು ಮುಚ್ಚಿಡುವುದಿಲ್ಲ ಎಂಬ ಮಾತು ಅವರ 1997ರ ಸಾಮಾಜಿಕ ಒಡಂಬಡಿಕೆಯಲ್ಲೇ ಇದೆ. ಅವರ ಬಗ್‌ಗಳ ಕಡತ ಇವತ್ತಿಗೂ ಯಾರು ಬೇಕಾದರೂ ಓದುವಂತೆ ಬಯಲಲ್ಲಿದೆ. ಅದರ ಕ್ರಮಸಂಖ್ಯೆ ಹತ್ತು ಲಕ್ಷ ದಾಟಿದೆ.

ಜನ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಳ್ಳಿಯ ಶಾಲೆಗಳಿಗೆ ತಟ್ಟುವ ಒಂದು ಸಂಗತಿ ಇದೆ. ಹಳೆಯ 32 ಬಿಟ್‌ನ ಕಂಪ್ಯೂಟರುಗಳಿಗೆ ಡೆಬಿಯನ್ 13ರಲ್ಲಿ ಇನ್‌ಸ್ಟಾಲರ್ ಇಲ್ಲ. ಹಳೆಯ ಯಂತ್ರ ಇಟ್ಟುಕೊಂಡವರು ಡೆಬಿಯನ್ 12ರಲ್ಲೇ ನಿಲ್ಲಬೇಕು. ಅದಕ್ಕೆ ದೀರ್ಘಾವಧಿ ಭದ್ರತಾ ತಿದ್ದುಪಡಿ 2028ರ ಜೂನ್‌ವರೆಗೆ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಒಂದು ಬಗೆಯ ಯಂತ್ರವನ್ನು ಉಳಿಸಿಕೊಳ್ಳಬೇಕಾದರೆ ಅದರ ಮೇಲೆ ಪ್ಯಾಕೇಜುಗಳನ್ನು ಪರೀಕ್ಷಿಸುವ, ಮುರಿದದ್ದನ್ನು ಸರಿಮಾಡುವ ಕೈಗಳು ಬೇಕು. ನೋಡಿಕೊಳ್ಳುವವರು ಬಿಟ್ಟುಹೋದ ಪ್ಯಾಕೇಜಿಗೆ ಡೆಬಿಯನ್ನಿನಲ್ಲಿ ‘ಅನಾಥ’ ಎಂದೇ ಹೆಸರು. ಅನಾಥ ಪ್ಯಾಕೇಜುಗಳ ಪಟ್ಟಿ ಸದಾ ಪ್ರಕಟವಾಗುತ್ತಿರುತ್ತದೆ, ಯಾರು ಬೇಕಾದರೂ ದತ್ತು ತೆಗೆದುಕೊಳ್ಳಬಹುದು. ಅಂಥ ಪಟ್ಟಿಯಲ್ಲಿ ಕನ್ನಡದ ಪ್ಯಾಕೇಜೊಂದು ಬರುವ ದಿನವನ್ನು ನಾವು ನೋಡಬಾರದು.

ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ನಿಪ್ಪಾಣಿಯಲ್ಲಿದೆ. ಅಥಣಿ, ರಾಯಬಾಗದ ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದಾರೆ. ಅವರಲ್ಲೊಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಒಂದು ಪಿಡಿಎಫ್ ಕಡತದಿಂದ ‘ನಿಪ್ಪಾಣಿ’ ಎಂಬ ಹೆಸರನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಒತ್ತು, ದೀರ್ಘಗಳು ಅದಲುಬದಲಾಗುತ್ತಿದ್ದವು.

‘ಸರ, ಇದನ್ನ ಮಾಡಿದಾವ್ರು ಎಲ್ಲೋ ಜರ್ಮನಿ, ಅಮೇರಿಕಾದಾಗ ಅದಾರು. ನಾ ಚಿಕ್ಕೋಡ್ಯಾಗಿಂದ ಬರದ್ರ ಓದ್ತಾರೇನ್ರಿ?’ ಎಂದ.

‘ಓದ್ತಾರಪಾ. ಒತ್ತು ತಪ್ಪೇತಿ ಅಂತ ಅವರಿಗೆ ಹ್ಯಾಂಗ ಗೊತ್ತಾಗಬೇಕು? ನೀ ಹೇಳಿದ್ರನs ಗೊತ್ತಾಗೂದು’ ಎಂದೆ.

ಕೂತು ಬರೆದೆವು. ಬಗ್ ವರದಿ ಎಂದರೆ ಬೈಗುಳದ ಪತ್ರವಲ್ಲ. ಯಾವ ಪ್ಯಾಕೇಜು, ಅದರ ಯಾವ ಆವೃತ್ತಿ, ಯಾವ ಫಾಂಟು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ನಾಲ್ಕು ಸಾಲಿನಲ್ಲಿ ಹೇಳಬೇಕು. ದೋಷ ಕಾಣುವ ಅತಿ ಚಿಕ್ಕ ಮಾದರಿ ಕಡತವನ್ನು ಜೊತೆಗಿಡಬೇಕು. ಇಡೀ ಪುಸ್ತಕವಲ್ಲ, ಆ ಒಂದೇ ಪದ. ಸರಿಯಾದ ರೂಪದ ಚಿತ್ರ ಒಂದು, ತಪ್ಪಾದದ್ದು ಒಂದು ಇಡಬೇಕು, ಯಾಕೆಂದರೆ ಓದುವವರಿಗೆ ಕನ್ನಡ ಬರುವುದಿಲ್ಲ. ಡೆಬಿಯನ್ನಿನಲ್ಲಿ ‘ರಿಪೋರ್ಟ್‌ಬಗ್’ ಎಂಬ ತಂತ್ರಾಂಶ ಇದೆ. ಆವೃತ್ತಿ, ಯಂತ್ರದ ವಿವರಗಳನ್ನೆಲ್ಲ ಅದೇ ತುಂಬಿಕೊಡುತ್ತದೆ. ದೋಷ ಎಷ್ಟು ದೊಡ್ಡದು ಎಂದೂ ಕೇಳುತ್ತದೆ, ‘ಬಯಕೆ’ಯಿಂದ ಹಿಡಿದು ‘ಗಂಡಾಂತರ’ದವರೆಗೆ. ನಮ್ಮದು ‘ಸಾಮಾನ್ಯ’ ಎಂದು ಹಾಕಿದೆವು. ಒತ್ತು ಸರಿದದ್ದು ನಮಗೆ ದೊಡ್ಡದು, ನಿಜ. ಆದರೆ ಅದರಿಂದ ಯಾರ ದತ್ತಾಂಶವೂ ಅಳಿಯುವುದಿಲ್ಲ. ಸಣ್ಣದನ್ನು ದೊಡ್ಡದು ಮಾಡಿ ಹೇಳಿದರೆ ಮುಂದಿನ ಸಲ ನಮ್ಮ ಮಾತಿಗೆ ತೂಕ ಇರುವುದಿಲ್ಲ.

ವರದಿಯಿಂದ ಶುರು ಮಾಡಿದವರು ನಿಧಾನವಾಗಿ ತಿದ್ದುಪಡಿ ಕಳಿಸುತ್ತಾರೆ. ಆಮೇಲೆ ಒಂದು ಪ್ಯಾಕೇಜನ್ನು ನೋಡಿಕೊಳ್ಳುತ್ತಾರೆ. ಹೊಸಬರು ಕಟ್ಟಿದ್ದನ್ನು ಅನುಭವಸ್ಥ ಡೆವಲಪರೊಬ್ಬರು ಓದಿ, ತಿದ್ದಿ, ತಮ್ಮ ಹೊಣೆಯಲ್ಲಿ ಕಣಜಕ್ಕೆ ಸೇರಿಸುತ್ತಾರೆ. ಅಧಿಕೃತ ಡೆವಲಪರ್ ಆಗಬೇಕಾದರೆ ಈಗಾಗಲೇ ಡೆವಲಪರ್ ಆದವರನ್ನು ಭೇಟಿಯಾಗಿ, ಗುರುತಿನ ಚೀಟಿ ತೋರಿಸಿ, ತಮ್ಮ ಡಿಜಿಟಲ್ ಕೀಲಿಗೆ ಅವರ ಸಹಿ ಪಡೆಯುವುದು ರೂಢಿ. ಕಾಗವಾಡದ ಹುಡುಗಿಗೆ ಇದು ಸುಲಭವಲ್ಲ, ಊರು ಬಿಟ್ಟು ಹೋಗಬೇಕಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ಜಾಗತಿಕ ಸಮ್ಮೇಳನ ಕೊಚ್ಚಿಯಲ್ಲೇ ನಡೆಯಿತು. ಅಂಥ ಕೂಟಗಳು ಈ ಭೇಟಿಗೆ ಒಳ್ಳೆಯ ಅವಕಾಶ. ಕೋಡ್ ಬರೆಯದವರಿಗೂ ದಾರಿ ಇದೆ. ಅನುವಾದ, ದಾಖಲೆ ಬರೆಯುವವರನ್ನೂ ಪೂರ್ಣ ಡೆವಲಪರ್ ಎಂದು ಸ್ವೀಕರಿಸಲು ಡೆಬಿಯನ್ 2010ರಲ್ಲಿ ಮತದಾನ ಮಾಡಿ ಒಪ್ಪಿಕೊಂಡಿತು. ಕನ್ನಡ ಎಂ.ಎ. ಓದಿದವರಿಗೆ ಈ ಬಾಗಿಲು ತೆರೆದಿದೆ ಎಂಬುದು ನಮ್ಮ ಕನ್ನಡ ವಿಭಾಗಗಳಿಗೆ ಇನ್ನೂ ತಿಳಿದಂತಿಲ್ಲ.

ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಗ್ರಂಥಾಲಯ ನಿರ್ವಹಣೆ, ಹಾಜರಾತಿ ನಿರ್ವಹಣೆ ಎಂದು ಅದನ್ನೇ ಮತ್ತೆ ಮತ್ತೆ ಮಾಡಿಸುವ ಬದಲು, ಬಳಕೆಯಲ್ಲಿರುವ ಒಂದು ಮುಕ್ತ ತಂತ್ರಾಂಶದ ಒಂದು ನಿಜವಾದ ಬಗ್ ಸರಿಮಾಡಿಸಿ. ಹತ್ತಾರು ಸಾವಿರ ಸಾಲಿನ ಬೇರೆಯವರ ಕೋಡ್ ಓದುವುದು, ಒಂದು ಸಾಲು ಬದಲಿಸಲು ಒಂದು ತಿಂಗಳು ಯೋಚಿಸುವುದು, ಅಪರಿಚಿತರಿಗೆ ಮರ್ಯಾದೆಯಿಂದ ಬರೆದು ಒಪ್ಪಿಸುವುದು, ಒಪ್ಪದಿದ್ದರೆ ಸಿಟ್ಟಾಗದೆ ತಿದ್ದಿಕೊಳ್ಳುವುದು, ಇವನ್ನು ಕಲಿಸುವ ಬೇರೆ ಪಾಠವನ್ನು ನಾನು ಕಂಡಿಲ್ಲ. ಒಪ್ಪಿಗೆಯಾದರೆ ಆ ವಿದ್ಯಾರ್ಥಿಯ ಹೆಸರು ಬದಲಾವಣೆಯ ದಾಖಲೆಯಲ್ಲಿ ನಿಲ್ಲುತ್ತದೆ, ಕೆಲಸ ಕೊಡುವವರು ಅದನ್ನು ತೆರೆದು ನೋಡಬಹುದು.

ಪ್ರತಿ ವರ್ಷ ಆಗಸ್ಟ್ 16ನ್ನು ಡೆಬಿಯನ್ ದಿನ ಎಂದು ಲೋಕದ ನಾನಾ ಊರುಗಳಲ್ಲಿ ಆಚರಿಸುತ್ತಾರೆ. ಮುಂದಿನ ಆಗಸ್ಟಿನಲ್ಲಿ ನಿಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ಒಂದು ಮಧ್ಯಾಹ್ನ ತೆರೆದಿಡಿ. ಒಂದು ಯಂತ್ರಕ್ಕೆ ಡೆಬಿಯನ್ ಹಾಕಿ, ಕನ್ನಡ ಫಾಂಟುಗಳನ್ನೂ ದೇವನಾಗರಿ ಫಾಂಟುಗಳನ್ನೂ ಕೂರಿಸಿ. ನಿಮ್ಮ ತಾಲೂಕಿನ ಎಲ್ಲ ಹಳ್ಳಿಗಳ ಹೆಸರನ್ನು ಎರಡೂ ಲಿಪಿಯಲ್ಲಿ ಟೈಪು ಮಾಡಿಸಿ, ಮುದ್ರಿಸಿ, ಪಿಡಿಎಫ್ ಮಾಡಿ, ಹುಡುಕಿಸಿ ನೋಡಿ. ಎಲ್ಲಿ ಒತ್ತು ಸರಿಯಿತೋ, ಎಲ್ಲಿ ರಕಾರ ಜಾಗ ತಪ್ಪಿತೋ, ಅಲ್ಲಿಂದ ಒಂದು ವರದಿ ಬರೆದು ಕಳಿಸಿ. ಉತ್ತರ ಬರಲು ತಡವಾದೀತು, ಕಾಯಿರಿ. ಬಂದಾಗ ಅವರು ಕೇಳಿದ ಪ್ರಶ್ನೆಗೆ ತಪ್ಪದೆ ಉತ್ತರ ಕೊಡಿ.